ಜಗಲಿಯಲ್ಲೇ ಉಳಿದ ಲೆಕ್ಕ

ಕಳೆದ ಆಟಿ ತಿಂಗಳಲ್ಲಿ ಒಂದು ವಾರ ದೊಡ್ಡಮ್ಮನ ಮನೆಯಲ್ಲಿದ್ದೆ. ಪಿಎಚ್‌ಡಿ ಪ್ರಬಂಧದ ನಾಲ್ಕನೆಯ ಅಧ್ಯಾಯ ಮುಗಿಸಬೇಕಿತ್ತು, ಮೊಬೈಲಿಗೆ ಸಿಗ್ನಲ್ ಸಿಗದ ಜಾಗ ಬೇಕಿತ್ತು. ದೊಡ್ಡಮ್ಮನ ಮನೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅವರಿಗೆ ಎರಡು ದನ. ಬೆಳಿಗ್ಗೆ ಆರೂವರೆಗೆ ಹಾಲಿನ ಸೊಸೈಟಿಗೆ ಹೋಗುವಾಗ ಟಾರ್ಚ್ ಹಿಡಿಯಲು ನಾನೂ ಜೊತೆಗೆ ಹೋಗುತ್ತಿದ್ದೆ.

ಆ ದಿನ ಜೋರು ಮಳೆ. ಸೊಸೈಟಿಯಲ್ಲಿ ಸಾಲು ಉದ್ದವಿತ್ತು. ದೊಡ್ಡಮ್ಮ ತಮ್ಮ ಸದಸ್ಯ ನಂಬ್ರ ಹೇಳಿ ಹಾಲು ಸುರಿದರು. ಮೆಷಿನ್ನು ತೂಕ ತೋರಿಸಿತು, ಫ್ಯಾಟ್ ತೋರಿಸಿತು, ಕೊನೆಗೆ ದಾಖಲಾಯಿತೆಂದು ಹೇಳುವ ಒಂದು ಸಾಲು ಪರದೆಯ ಮೇಲೆ ಬಂತು. ಚೀಟಿ ಬರಲಿಲ್ಲ, ಪ್ರಿಂಟರಿನ ಕಾಗದದ ಸುರುಳಿ ಮುಗಿದಿತ್ತು. "ನಾಳೆ ಕೊಡ್ತೇನೆ ಅಕ್ಕ" ಎಂದರು ಕಾರ್ಯದರ್ಶಿ. ದೊಡ್ಡಮ್ಮನ ಹಿಂದಿನ ನಾಲ್ಕು ಮಂದಿಯೂ ಹಾಲು ಹಾಕಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಹಳೆಯದು, ಮೆಷಿನ್ನೂ ಆರಿತು.

ಕಾಲು ಗಂಟೆಯ ಮೇಲೆ ಕರೆಂಟು ಬಂದಾಗ ಆ ಐದು ಮಂದಿಯ ಹೆಸರು ಅದರೊಳಗೆ ಇರಲಿಲ್ಲ. ಅವರಿಗಿಂತ ಮೊದಲಿನವರೆಲ್ಲ ಇದ್ದರು.

"ಮೆಷಿನ್‌ನಲ್ಲಿ ಇಲ್ಲದ್ದನ್ನು ನಾನು ಹೇಗೆ ಬರೆಯುವುದು ಅಕ್ಕ?" ಎಂದರು ಕಾರ್ಯದರ್ಶಿ. ಮೋಸ ಮಾಡುವ ಮನುಷ್ಯನಲ್ಲ, ನಿಜಕ್ಕೂ ಗೊಂದಲವಾಗಿತ್ತು ಅವರಿಗೆ. ದೊಡ್ಡಮ್ಮ ಕೇಳಿದರು: "ಹಾಗಾದ್ರೆ ನಾನು ಹಾಲು ಕೊಟ್ಟದ್ದು ಸುಳ್ಳಾ?" ತುಳುವಿನಲ್ಲಿ ಕೇಳಿದ್ದು, ಕನ್ನಡದಲ್ಲಿ ಅಷ್ಟು ಖಾರವಾಗಿ ಕೇಳಿಸುವುದಿಲ್ಲ. ಹೋದದ್ದು ನಾಲ್ಕೂಕಾಲು ಲೀಟರು ಹಾಲು, ನೂರೈವತ್ತು ರೂಪಾಯಿಯ ಆಚೀಚೆ. ಆದರೆ ದೊಡ್ಡಮ್ಮನ ಮುಖ ಕೆಂಪಾದದ್ದು ದುಡ್ಡಿಗಲ್ಲ. ಹತ್ತಾರು ಜನರ ಎದುರು ತಮ್ಮ ಮಾತಿಗೆ ಸಾಕ್ಷಿ ಕೇಳಿದ ಹಾಗಾಗಿತ್ತು.

ಉಪಾಯ ಹೊಳೆದದ್ದು ಸಾಲಿನಲ್ಲಿದ್ದ ಒಬ್ಬ ಮುದುಕರಿಗೆ. "ಕ್ಯಾನು ಅಳೆಯಿರಿ" ಎಂದರು. ಅಳೆದು ನೋಡಿದರೆ ಮೆಷಿನ್ನಿನ ಒಟ್ಟು ಲೆಕ್ಕಕ್ಕಿಂತ ಕ್ಯಾನುಗಳಲ್ಲಿ ಹದಿನೆಂಟು ಲೀಟರು ಹೆಚ್ಚಿತ್ತು. ಹಾಲು ಸುಳ್ಳು ಹೇಳುವುದಿಲ್ಲವಲ್ಲ. ಐವರೂ ತಾವು ಹಾಕಿದ್ದು ಎಷ್ಟೆಂದು ಹೇಳಿದರು. ಅವರಲ್ಲಿ ಒಬ್ಬ ಶಾಲೆಗೆ ಹೋಗುವ ಹುಡುಗ, ಅವನಿಗೆ ಎಷ್ಟೆಂದು ಗೊತ್ತಿರಲಿಲ್ಲ, ಮನೆಗೆ ಓಡಿ ಅಜ್ಜಿಯನ್ನು ಕೇಳಿ ಬಂದ. ಎಲ್ಲ ಕೂಡಿಸಿದರೆ ಹದಿನೆಂಟೂವರೆ ಲೀಟರು. ಫ್ಯಾಟಿಗೆ ಹಿಂದಿನ ದಿನದ್ದೇ ಇರಲಿ ಎಂದು ಒಪ್ಪಿಕೊಂಡರು. "ಅರ್ಧ ಲೀಟರು ನನ್ನ ಲೆಕ್ಕಕ್ಕೆ ಇರಲಿ" ಎಂದು ಕಾರ್ಯದರ್ಶಿ ನಕ್ಕರು, ಹಳೆಯ ನೋಟ್‌ಪುಸ್ತಕವೊಂದನ್ನು ಹುಡುಕಿ ಪೆನ್ನಿನಲ್ಲಿ ಬರೆದುಕೊಂಡರು.

ವಾಪಸು ಬರುವಾಗ ದೊಡ್ಡಮ್ಮ ಕೇಳಿದರು: "ನೀನು ಓದುವುದು ಇಂಥ ಮೆಷಿನ್ನುಗಳದ್ದೇ ಅಲ್ವಾ ಮಗಾ? ಅದು ಬರೆದೆ ಅಂತ ಹೇಳ್ತದಲ್ಲ, ನಿಜವಾಗಿ ಬರೆಯುವುದು ಯಾವಾಗ?"

ನಾನು ಓದುವುದು ನಿಜಕ್ಕೂ ಅದನ್ನೇ. ಉತ್ತರವೂ ಗೊತ್ತಿತ್ತು. ಆದರೆ ಆ ಉತ್ತರವನ್ನು ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು. ಯಾಕೆ ನಾಚಿಕೆಯಾಯಿತು ಎಂಬುದನ್ನು ಬಿಡಿಸಿ ನೋಡುವುದಷ್ಟೇ ಈ ಬರಹದ ಉದ್ದೇಶ.

*

ಹಾಲಿನ ಮೆಷಿನ್ನು, ಬಸ್ಸಿನ ಕಂಡಕ್ಟರ ಕೈಯ ಟಿಕೆಟ್ ಮೆಷಿನ್ನು, ಕರೆಂಟು ಬಿಲ್ಲಿನವರು ತರುವ ಯಂತ್ರ, ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರ ಇವೆಲ್ಲ ಒಂದೇ ಕುಲದವು. ಒಳಗೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ, ತಿರುಗುವ ಡಿಸ್ಕ್ ಇರುವುದಿಲ್ಲ. ನೆನಪಿಡುವುದಕ್ಕೆ ಎರಡು ಜಾಗಗಳಿರುತ್ತವೆ. ಒಂದು ರ‍್ಯಾಮ್. ವೇಗದ್ದು, ಆದರೆ ಕರೆಂಟು ಹೋದರೆ ಅದರಲ್ಲಿದ್ದದ್ದೆಲ್ಲ ಹೋಯಿತು. ಇನ್ನೊಂದು ಫ್ಲ್ಯಾಶ್. ಕರೆಂಟಿಲ್ಲದೆಯೂ ವರ್ಷಗಟ್ಟಲೆ ಹಿಡಿದಿಡುವಂಥದ್ದು.

ನಮ್ಮ ಊರು ನರಿಕೊಂಬು, ನೇತ್ರಾವತಿಯ ದಡ. ನಮ್ಮ ಮನೆಯಲ್ಲಿ 1974ರ ನೆರೆಯ ಕಥೆಯನ್ನು ಹೇಳುವಾಗ ಅಜ್ಜ ಒಂದು ಮಾತನ್ನು ಪ್ರತಿ ಸಲವೂ ಸೇರಿಸುತ್ತಿದ್ದರು: ಅಟ್ಟಕ್ಕೆ ಏರಿಸಿದ ಅಡಿಕೆ ಉಳಿಯಿತು, ನಾಳೆ ಏರಿಸಿದರಾಯಿತೆಂದು ಜಗಲಿಯಲ್ಲಿ ಇಟ್ಟದ್ದು ಹೊಳೆಗೆ ಹೋಯಿತು. ರ‍್ಯಾಮ್ ಎಂದರೆ ಜಗಲಿ, ಫ್ಲ್ಯಾಶ್ ಎಂದರೆ ಅಟ್ಟ. ದೊಡ್ಡಮ್ಮನ ನಾಲ್ಕೂಕಾಲು ಲೀಟರು ಜಗಲಿಯಲ್ಲಿದ್ದಾಗಲೇ ಮೆಷಿನ್ನು ದಾಖಲಾಯಿತು ಎಂದುಬಿಟ್ಟಿತ್ತು.

ಯಾಕೆ ಹೀಗೆ? ಬಂದದ್ದನ್ನು ಬಂದ ಹಾಗೆ ಅಟ್ಟಕ್ಕೆ ಏರಿಸಿದರೆ ಏನಾಗುತ್ತಿತ್ತು? ಇದಕ್ಕೆ ಫ್ಲ್ಯಾಶ್‌ನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಇದನ್ನು ರೂಪಿಸಿದರು. ಒಂದಿಡೀ ಭಾಗವನ್ನು ಒಮ್ಮೆಗೇ ಅಳಿಸಬಹುದಾದ ಗುಣ ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ ಹಾಗಿದೆ ಎಂದು ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ. ಹೆಸರು ಬಂದದ್ದು ಬರೆಯುವ ಗುಣದಿಂದಲ್ಲ, ಅಳಿಸುವ ಗುಣದಿಂದ. ಅದರ ಕಷ್ಟವೂ ಅಲ್ಲೇ ಇದೆ. ಒಂದು ವಿಚಿತ್ರ ನೋಟ್‌ಪುಸ್ತಕವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಬರೆಯಬೇಕಾದರೆ ಪುಟದ ಲೆಕ್ಕದಲ್ಲೇ ಬರೆಯಬೇಕು. ಬರೆದ ಸಾಲನ್ನು ತಿದ್ದುವಂತಿಲ್ಲ. ಅಳಿಸಬೇಕಾದರೆ ಅರುವತ್ತನಾಲ್ಕು ಪುಟಗಳನ್ನು ಒಟ್ಟಿಗೇ ಅಳಿಸಬೇಕು. ಅಳಿಸಿದಷ್ಟೂ ಕಾಗದ ಸವೆಯುತ್ತದೆ. ಚಿಪ್ಪಿನ ಜಾತಿಗೆ ತಕ್ಕಂತೆ ಕೆಲವು ಸಾವಿರ ಸಲ, ಗಟ್ಟಿ ಜಾತಿಯದಾದರೆ ಒಂದು ಲಕ್ಷ ಸಲ ಅಳಿಸಬಹುದು, ಆಮೇಲೆ ಆ ಭಾಗ ನಂಬಿಕೆಗೆ ಅರ್ಹವಲ್ಲ. ಸಾಮಾನ್ಯ ಅಳತೆಯೊಂದನ್ನು ಹೇಳುವುದಾದರೆ ಒಂದು ಪುಟ ಎಂದರೆ 2 ಕಿಲೋಬೈಟ್, ಅಂಥ 64 ಪುಟ ಸೇರಿ 128 ಕಿಲೋಬೈಟಿನ ಒಂದು ಬ್ಲಾಕ್.

ಇದು ತಾಳೆಗರಿಯ ಜಾಯಮಾನ. ಕಂಟದಿಂದ ಕೊರೆದ ಅಕ್ಷರವನ್ನು ಅಳಿಸುವಂತಿಲ್ಲ, ತಪ್ಪಾದರೆ ಗುರುತು ಹಾಕಿ ಮುಂದೆ ಹೊಸದಾಗಿ ಬರೆಯಬೇಕು. ಫ್ಲ್ಯಾಶ್‌ಗೆಂದು ಮಾಡಿದ ಕಡತ ವ್ಯವಸ್ಥೆಗಳೂ ಹಾಗೆಯೇ ಮಾಡುತ್ತವೆ: ಹಳೆಯದು ಇದ್ದಲ್ಲೇ ಇರಲಿ, ಹೊಸತನ್ನು ಮುಂದಿನ ಖಾಲಿ ಜಾಗದಲ್ಲಿ ಬರೆ, ಹಳತು ಇನ್ನು ಲೆಕ್ಕಕ್ಕಿಲ್ಲ ಎಂದು ತಿಳಿ. ಸ್ವೀಡನ್ನಿನ ಆ್ಯಕ್ಸಿಸ್ ಕಂಪನಿ 1999ರಲ್ಲಿ ಜೆಎಫ್‌ಎಫ್‌ಎಸ್ ಎಂಬುದನ್ನು ಮಾಡಿತು. 2001ರಲ್ಲಿ ರೆಡ್‌ಹ್ಯಾಟ್‌ನಲ್ಲಿದ್ದ ಡೇವಿಡ್ ವುಡ್‌ಹೌಸ್ ಅದನ್ನು ಸುಧಾರಿಸಿ ಜೆಎಫ್‌ಎಫ್‌ಎಸ್2 ಮಾಡಿದರು. ಲೋಕದ ಎಷ್ಟೋ ಪುಟ್ಟ ಯಂತ್ರಗಳ ಹೊಟ್ಟೆಯಲ್ಲಿ ಇವು ಕೆಲಸ ಮಾಡಿವೆ.

ಈಗ ದೊಡ್ಡಮ್ಮನ ಹಾಲಿಗೆ ಬರೋಣ. ಒಬ್ಬರ ಲೆಕ್ಕಕ್ಕೆ 64 ಬೈಟ್ ಸಾಕು ಎಂದುಕೊಳ್ಳಿ. ಪುಟದಲ್ಲಿ 32 ಮಂದಿಯ ಲೆಕ್ಕ ಹಿಡಿಯುತ್ತದೆ. ಒಬ್ಬರಿಗೊಂದು ಪುಟ ಖರ್ಚು ಮಾಡುವುದು ದುಂದು. ಆದ್ದರಿಂದ ಯಂತ್ರ ಜಗಲಿಯಲ್ಲಿ ಗುಡ್ಡೆ ಹಾಕುತ್ತದೆ, ಪುಟ ತುಂಬುವಷ್ಟಾದಾಗ ಒಮ್ಮೆಗೇ ಅಟ್ಟಕ್ಕೆ ಏರಿಸುತ್ತದೆ. ಈ ಗುಡ್ಡೆಗೆ ಬಫರ್ ಎಂದು ಹೆಸರು. ಕೆಲವು ಕಡೆ ಪುಟ ತುಂಬುವವರೆಗೆ ಕಾಯುತ್ತಾರೆ, ಕೆಲವು ಕಡೆ ಗಡಿಯಾರ ನೋಡುತ್ತಾರೆ. ಲಿನಕ್ಸ್ ತನ್ನ ಪಾಡಿಗೆ ಬಿಟ್ಟರೆ ಸಾಮಾನ್ಯವಾಗಿ ಮೂವತ್ತು ಸೆಕೆಂಡಿನಷ್ಟು ಹಳೆಯದಾದ ಬರಹವನ್ನು ಕೆಳಕ್ಕೆ ತಳ್ಳುತ್ತದೆ. ಅದರ ಮೇಲೆ ತಂತ್ರಾಂಶದ್ದೇ ಒಂದು ಗುಡ್ಡೆ ಇರಬಹುದು, ಅದರ ಕೆಳಗೆ ಚಿಪ್ಪಿನೊಳಗೇ ಮತ್ತೊಂದು. ದೊಡ್ಡಮ್ಮನ ಲೆಕ್ಕ ಇವುಗಳಲ್ಲಿ ಯಾವ ಜಗಲಿಯಲ್ಲಿ ಕೂತಿತ್ತೆಂದು ಮೆಷಿನ್ನು ಬಿಚ್ಚದೆ ಹೇಳಲಾರೆ. ಯಾವುದೋ ಒಂದು ಜಗಲಿಯಲ್ಲಿ ಐದು ಮಂದಿ ಕೂತಿದ್ದರು, ಅಟ್ಟ ಹತ್ತಿರಲಿಲ್ಲ.

*

ಹಾಗಾದರೆ ಮೆಷಿನ್ನು ಸುಳ್ಳು ಹೇಳಿತೇ?

ಎಂಜಿನಿಯರುಗಳನ್ನು ಕೇಳಿದರೆ ಇಲ್ಲ ಎನ್ನುತ್ತಾರೆ. ಬರೆ ಎಂದು ಕೇಳಿದಾಗ ಆಯಿತು ಎಂದರೆ ಅದರ ಅರ್ಥ 'ತೆಗೆದುಕೊಂಡೆ' ಎಂದಷ್ಟೇ. ಗಟ್ಟಿಯಾಗಿ ಬರೆಯಬೇಕಾದರೆ ಎಫ್‌ಸಿಂಕ್ ಎಂಬ ಬೇರೆಯೇ ಆಜ್ಞೆ ಇದೆ. ಅದನ್ನು ಕೊಟ್ಟರೆ ಜಗಲಿಯಲ್ಲಿದ್ದದ್ದು ಅಟ್ಟ ಹತ್ತುವವರೆಗೆ ಯಂತ್ರ ಉತ್ತರ ಕೊಡುವುದಿಲ್ಲ. ನಿಯಮಗಳ ಪುಸ್ತಕದಲ್ಲಿ ಇದೆಲ್ಲ ಸ್ಪಷ್ಟವಾಗಿದೆ. ಓದದವರ ತಪ್ಪಿಗೆ ಯಂತ್ರ ಹೊಣೆಯಲ್ಲ.

ನಾನೂ ಹಾಗೆಯೇ ನಂಬಿದ್ದೆ. ಆದರೆ ಈ ಕ್ಷೇತ್ರದ ಚರಿತ್ರೆಯಲ್ಲೇ ಆ ಉತ್ತರ ಎರಡು ಸಲ ಅಲುಗಾಡಿದೆ.

ಮೊದಲನೆಯದು ಫ್ಲ್ಯಾಶ್‌ನದ್ದೇ ಕಥೆ. ಜೆಎಫ್‌ಎಫ್‌ಎಸ್2 ಸ್ವಭಾವತಃ ಅವಸರದ್ದು, ಕೊಟ್ಟದ್ದನ್ನು ಹೆಚ್ಚು ಹೊತ್ತು ಜಗಲಿಯಲ್ಲಿ ಇಡುತ್ತಿರಲಿಲ್ಲ. ಪುಟ ತುಂಬಲು ಸ್ವಲ್ಪ ಕಾಯುವುದು ಬಿಟ್ಟರೆ ನೇರ ಅಟ್ಟಕ್ಕೆ. 2008ರಲ್ಲಿ ನೋಕಿಯಾದವರು ಹಂಗೆರಿಯ ಸೆಗೆಡ್ ವಿಶ್ವವಿದ್ಯಾಲಯದ ನೆರವಿನಿಂದ ಮಾಡಿದ ಯುಬಿಐಎಫ್‌ಎಸ್ ಬಂತು. ದೊಡ್ಡ ಫ್ಲ್ಯಾಶ್‌ಗಳಿಗೆ ಅದು ಬಹಳ ಉತ್ತಮ, ವೇಗವೂ ಹೆಚ್ಚು. ಆ ವೇಗದ ಒಂದು ಪಾಲು ಬಂದದ್ದು ಜಗಲಿಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳುವುದರಿಂದ. ಹಳೆಯದಕ್ಕೆ ಒಗ್ಗಿದ್ದ ಎಷ್ಟೋ ತಂತ್ರಾಂಶಗಳು ಎಫ್‌ಸಿಂಕ್ ಹೇಳುವುದನ್ನು ಕಲಿತೇ ಇರಲಿಲ್ಲ, ಹೇಳದೆಯೂ ನಡೆಯುತ್ತಿತ್ತಲ್ಲ. ಹೊಸದಕ್ಕೆ ಬದಲಾದ ಮೇಲೆ ಕರೆಂಟು ಹೋದಾಗ ಕಡತಗಳು ಖಾಲಿಯಾಗತೊಡಗಿದವು.

ಎರಡನೆಯದು ಅದರ ಮರುವರ್ಷ, 2009ರಲ್ಲಿ, ನಮ್ಮ ನಿಮ್ಮ ಕಂಪ್ಯೂಟರುಗಳಲ್ಲೇ. ಎಕ್ಸ್‌ಟಿ4 ಎಂಬ ಹೊಸ ಕಡತ ವ್ಯವಸ್ಥೆಗೆ ಬದಲಾದವರು, ಯಂತ್ರ ಕೈಕೊಟ್ಟು ಮತ್ತೆ ಶುರುವಾದಾಗ ತಮ್ಮ ಕಡತಗಳು ಸೊನ್ನೆ ಬೈಟ್ ಆಗಿರುವುದನ್ನು ಕಂಡರು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಥಿಯೋಡೋರ್ ಚೋ, ತಂತ್ರಾಂಶದವರು ಎಫ್‌ಸಿಂಕ್ ಹೇಳಬೇಕಿತ್ತು, ನಿಯಮ ಹಾಗೆಯೇ ಇದೆ ಎಂದು ವಾದಿಸಿದರು. ಅವರು ಹೇಳಿದ್ದು ಸರಿಯೇ. ಆದರೂ ತಾವೇ ತಿದ್ದುಪಡಿ ಬರೆದರು. ಸಾಮಾನ್ಯವಾಗಿ ಜನ ಬರೆಯುವ ರೀತಿಯಲ್ಲಿ ಬರೆದರೆ ನಷ್ಟವಾಗದ ಹಾಗೆ ನೋಡಿಕೊಂಡರು.

ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ಆ ತಿದ್ದುಪಡಿ. ಮಾತು ಕೊಟ್ಟಿರಲಿಲ್ಲ ಎಂದು ಸಾಧಿಸಿದ ಮೇಲೆಯೂ ಕೊಟ್ಟ ಮಾತಿನ ಹಾಗೆ ನಡೆದುಕೊಂಡದ್ದು ಯಾಕೆ? ವರ್ಷಗಟ್ಟಲೆ ಒಂದೇ ರೀತಿ ನಡೆದುಕೊಂಡರೆ ಆ ನಡೆಯೇ ಒಂದು ಮಾತಾಗಿಬಿಡುತ್ತದೆ. ಪರಿಚಯದ ಅಂಗಡಿಯವರು ಇಪ್ಪತ್ತು ವರ್ಷ ಸಾಲ ಬರೆದುಕೊಂಡು ಸಾಮಾನು ಕೊಟ್ಟವರು ಒಂದು ದಿನ ಇದ್ದಕ್ಕಿದ್ದಂತೆ 'ಸಾಲ ಕೊಡುತ್ತೇನೆಂದು ನಾನು ಯಾವತ್ತೂ ಹೇಳಿಲ್ಲ' ಎಂದರೆ, ಅದು ನಿಜವೇ ಆದರೂ ನಮಗೆ ನೋವಾಗುತ್ತದೆ. ಆ ನೋವು ಅಸಂಬದ್ಧವಲ್ಲ.

ಜೆ. ಎಲ್. ಆಸ್ಟಿನ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿಯ ಉಪನ್ಯಾಸಗಳು ಅವರ ಮರಣಾನಂತರ 1962ರಲ್ಲಿ ಪುಸ್ತಕವಾಗಿ ಬಂದವು. ಕೆಲವು ಮಾತುಗಳು ಲೋಕದ ಬಗ್ಗೆ ವರದಿ ಮಾಡುವುದಿಲ್ಲ, ಆಡಿದೊಡನೆಯೇ ಒಂದು ಕೆಲಸವನ್ನು ಮಾಡಿಬಿಡುತ್ತವೆ ಎಂಬುದು ಅವರು ತೋರಿಸಿದ ಸಂಗತಿ. 'ಮಾತು ಕೊಡುತ್ತೇನೆ' ಎಂಬುದು ಅಂಥದ್ದು. 'ದಾಖಲಾಯಿತು' ಎಂಬುದು ಮೇಲ್ನೋಟಕ್ಕೆ ವರದಿ. ಆದರೆ ಸೊಸೈಟಿಯಲ್ಲಿ ಅದು ಮಾಡುವ ಕೆಲಸ ಬೇರೆ. ಆ ಸಾಲು ಕಂಡೊಡನೆ ದೊಡ್ಡಮ್ಮ ಪಕ್ಕಕ್ಕೆ ಸರಿಯುತ್ತಾರೆ, ಹಿಂದಿನವರು ಮುಂದೆ ಬರುತ್ತಾರೆ, ಅವರ ಹಾಲು ಎಲ್ಲರ ಹಾಲಿನ ಜೊತೆ ನಲವತ್ತು ಲೀಟರಿನ ಕ್ಯಾನಿನಲ್ಲಿ ಬೆರೆತುಹೋಗುತ್ತದೆ. ಬೆರೆತ ಹಾಲನ್ನು ಬೇರ್ಪಡಿಸಿ ಇದು ನನ್ನದು ಎನ್ನಲಾಗದು. 'ಇನ್ನು ನೀವು ಹೋಗಬಹುದು, ಜವಾಬ್ದಾರಿ ನನ್ನದು' ಎಂಬುದು ಆ ಸಾಲಿನ ನಿಜವಾದ ಅರ್ಥ. ಆ ಅರ್ಥದಲ್ಲಿ ಅದು ಮಾತು ಕೊಟ್ಟಿತ್ತು, ಉಳಿಸಿಕೊಳ್ಳಲಿಲ್ಲ.

*

ಇಷ್ಟಾದರೂ ಬಫರ್ ಎಂಬುದೇ ಅನೈತಿಕ ಎಂದು ನಾನು ಹೇಳಲಾರೆ. ತೆಗೆದುಕೊಂಡದ್ದಕ್ಕೂ ಭದ್ರಪಡಿಸಿದ್ದಕ್ಕೂ ನಡುವೆ ಒಂದಿಷ್ಟು ಹೊತ್ತು ಎಲ್ಲ ವ್ಯವಹಾರದಲ್ಲೂ ಇರುತ್ತದೆ. ಆ ಹೊತ್ತಿಲ್ಲದೆ ಲೋಕ ನಡೆಯದು. ಪುಣ್ಯಕೋಟಿಯ ಕಥೆಯ ತಿರುಳೇ ಆ ನಡುವಿನ ಹೊತ್ತು. ಮಗುವಿಗೆ ಹಾಲೂಡಿ ಬರುತ್ತೇನೆಂದು ಹಸು ಹೇಳುತ್ತದೆ, ಹುಲಿ ಬಿಡುತ್ತದೆ. ಶಾಲೆಯಲ್ಲಿ ನಾವೆಲ್ಲ ಹಸುವಿನ ಸತ್ಯವನ್ನು ಕೊಂಡಾಡಿದ್ದೇವೆ. ಈಗ ಓದುವಾಗ ನನ್ನ ಗಮನ ಹುಲಿಯ ಕಡೆಗೂ ಹೋಗುತ್ತದೆ. ಆ ಹೊತ್ತಿನ ಅಪಾಯವನ್ನು ಹೊತ್ತದ್ದು ಹುಲಿ. ಹಸು ಬಾರದಿದ್ದರೆ ತಾನು ಉಪವಾಸ ಎಂಬುದು ಅದಕ್ಕೆ ಗೊತ್ತಿತ್ತು. ಗೊತ್ತಿದ್ದೇ ಒಪ್ಪಿತು.

ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ನನ್ನ ಪ್ರಕಾರ ಇಡೀ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ. ನಡುವಿನ ಹೊತ್ತಿನಲ್ಲಿ ಏನಾದರೂ ಆದರೆ ನಷ್ಟ ಯಾರದು? ಕಾಯಿಸುವುದರಿಂದ ಲಾಭ ಪಡೆಯುವವರು ಯಂತ್ರ ಮಾಡಿದವರು ಮತ್ತು ಕೊಂಡವರು: ಚಿಪ್ಪು ಹೆಚ್ಚು ದಿನ ಬಾಳುತ್ತದೆ, ಯಂತ್ರ ಚುರುಕಾಗಿರುತ್ತದೆ. ನಷ್ಟವಾಗುವುದು ಸಾಲಿನಲ್ಲಿ ನಿಂತವರಿಗೆ. ಲಾಭ ಒಂದು ಕಡೆ, ಅಪಾಯ ಇನ್ನೊಂದು ಕಡೆ. ಅಪಾಯ ಹೊತ್ತವರಿಗೆ ತಾವು ಹೊತ್ತಿದ್ದೇವೆ ಎಂಬ ಸುಳಿವೂ ಇಲ್ಲ. ಬಫರಿನಲ್ಲಿ ತಪ್ಪಿದ್ದರೆ ಅದು ಇದು.

ಒಂದು ಕಡೆ ಯಂತ್ರ ನಮಗಿಂತ ಪ್ರಾಮಾಣಿಕ ಎಂಬುದನ್ನೂ ಹೇಳಬೇಕು. ಕರೆಂಟು ಮರಳಿ ಬಂದಾಗ ಜೆಎಫ್‌ಎಫ್‌ಎಸ್2 ಥರದ ವ್ಯವಸ್ಥೆ ತನ್ನ ಬರಹಗಳನ್ನೆಲ್ಲ ಮೊದಲಿನಿಂದ ಓದಿಕೊಂಡು ಬರುತ್ತದೆ. ಪ್ರತಿ ತುಣುಕಿನ ಜೊತೆಗೂ ಒಂದು ತಾಳೆಯ ಸಂಖ್ಯೆ ಇರುತ್ತದೆ. ಬರೆಯುತ್ತಿರುವಾಗ ಅರ್ಧಕ್ಕೆ ನಿಂತ ತುಣುಕಿನ ಸಂಖ್ಯೆ ತಾಳೆಯಾಗುವುದಿಲ್ಲ. ಅದನ್ನು ಯಂತ್ರ ಕೈಬಿಡುತ್ತದೆ. ಇಷ್ಟಿದ್ದಿರಬಹುದು ಎಂದು ಊಹಿಸಿ ತುಂಬಿಸುವುದಿಲ್ಲ. ಅರ್ಧ ಸತ್ಯ ತನಗೆ ಬೇಡ ಎನ್ನುವ ಈ ಶಿಸ್ತು, ಆಯಿತು ಎಂದು ಹೇಳುವ ಕ್ಷಣದಲ್ಲಿಯೂ ಇದ್ದಿದ್ದರೆ ಎಂದು ಅನ್ನಿಸುತ್ತದೆ.

*

ನರಿಕೊಂಬಿಗೆ ಮರಳಿದ ಮೇಲೆ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಬೀಡಿ ಕಟ್ಟುತ್ತಾ ಕೇಳಿದರು. ನಾನು ಓದಿದ್ದು ಬಹುಪಾಲು ಆ ಬೀಡಿಯ ದುಡ್ಡಿನಲ್ಲೇ. ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಕಥೆ ಇದು, ಹೊಸದೇನೂ ಅಲ್ಲ. ಬ್ರಾಂಚಿಗೆ ಬೀಡಿ ಕೊಂಡುಹೋಗುವಾಗ ಅಮ್ಮನ ಚೀಲದಲ್ಲಿ ಒಂದು ಪುಸ್ತಕ ಇರುತ್ತದೆ. ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಕೊಟ್ಟರು, ಎಷ್ಟು ಬೀಡಿ ಬಂತು ಎಂಬುದು ಅವರ ಪುಸ್ತಕದಲ್ಲೂ ಬರೆಯಬೇಕು, ಅಮ್ಮನ ಪುಸ್ತಕದಲ್ಲೂ ಬರೆಯಬೇಕು.

"ನನ್ನ ಪುಸ್ತಕದಲ್ಲಿ ಬರೆಯದೆ ನಾನು ಅಲ್ಲಿಂದ ಕದಲುವುದಿಲ್ಲ" ಎಂದರು ಅಮ್ಮ. "ನಿನ್ನ ದೊಡ್ಡಮ್ಮ ಪಾಪ, ಚೀಟಿ ನಾಳೆ ಅಂದದ್ದಕ್ಕೆ ತಲೆ ಆಡಿಸಿದ್ದಾಳೆ."

ಕೊಟ್ಟವರ ಕೈಯಲ್ಲೂ ಒಂದು ಪ್ರತಿ ಇರಬೇಕು ಎಂಬುದು ಬಹಳ ಹಳೆಯ ತಿಳಿವಳಿಕೆ. ಯಂತ್ರ ಬಂದಾಗ ನಾವು ಮೊದಲು ಬಿಟ್ಟುಕೊಡುವುದು ಇದನ್ನೇ. ಕರ್ನಾಟಕದ 'ಭೂಮಿ' ಯೋಜನೆಯನ್ನು ನೆನೆಸಿಕೊಳ್ಳಿ. 2000ದ ಆಚೀಚೆ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆದ ತಾಲೂಕುಗಳಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವಾಯಿತು. ತಿದ್ದುವ, ಮುಚ್ಚಿಡುವ, ಲಂಚಕ್ಕೆ ಕಾಯಿಸುವ ಕೈಗಳಿಂದ ದಾಖಲೆಯನ್ನು ಬಿಡಿಸಿದ್ದು ದೊಡ್ಡ ಕೆಲಸವೇ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸತ್ಯದ ವಾಸಸ್ಥಾನ ಅಲ್ಲಿಗೆ ಬದಲಾಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಅಂಗೈಯಗಲದ ಸಿಂಪ್ಯೂಟರ್ ಮಾಡಿದ್ದರು. ಡಿಸ್ಕ್ ಇಲ್ಲದ, ಫ್ಲ್ಯಾಶ್ ನಂಬಿದ, ಲಿನಕ್ಸ್ ನಡೆಸುವ ಯಂತ್ರ. ಓದು ಬಾರದವರಿಗೂ ಯಂತ್ರದ ಮಾತು ಕೇಳಬೇಕು, ಅವರ ಭಾಷೆಯಲ್ಲೇ ಕೇಳಬೇಕು ಎಂಬುದು ಅದರ ಕನಸು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಯಂತ್ರ ಬಳಸುವವರ ಭಾಷೆಯಲ್ಲಿ ಮಾತಾಡಬೇಕು ಎಂಬ ಬೇಡಿಕೆಗೆ ಇನ್ನೊಂದು ತುದಿಯಿದೆ: ಆಡಿದ ಮಾತಿನ ಅರ್ಥವೂ ಅವರು ತಿಳಿದುಕೊಂಡದ್ದೇ ಆಗಿರಬೇಕು. 'ದಾಖಲಾಯಿತು' ಎಂಬುದನ್ನು ಅಚ್ಚಗನ್ನಡದಲ್ಲಿ ಹೇಳಿ, ಅರ್ಥವನ್ನು ಮಾತ್ರ ಇಂಗ್ಲಿಷ್ ನಿಯಮಪುಸ್ತಕದಲ್ಲಿ ಇಟ್ಟುಕೊಂಡರೆ ಅದು ಅವರ ಭಾಷೆಯಾಗುವುದಿಲ್ಲ.

*

ಈಗ ನನ್ನ ನಾಚಿಕೆಯ ವಿಷಯ.

ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಇರುವುದು ಬಫರಿನ ಮೇಲೆ. ಬರಹಗಳನ್ನು ಇನ್ನಷ್ಟು ಹೊತ್ತು ಜಗಲಿಯಲ್ಲಿ ಹಿಡಿದಿಟ್ಟರೆ, ಜಾಣತನದಿಂದ ಗುಂಪು ಮಾಡಿದರೆ, ಅಳಿಸುವ ಸಂಖ್ಯೆ ಎಷ್ಟು ಕಡಿಮೆಯಾಗುತ್ತದೆ, ಚಿಪ್ಪಿನ ಆಯುಸ್ಸು ಎಷ್ಟು ಹೆಚ್ಚುತ್ತದೆ ಎಂಬುದನ್ನು ತೋರಿಸುವ ಅಧ್ಯಾಯ. ನಕ್ಷೆಗಳು ಚೆನ್ನಾಗಿ ಬಂದಿದ್ದವು. ಕಾಯುವ ಹೊತ್ತು ಹೆಚ್ಚಾದಂತೆ ಗೆರೆ ಮೇಲೇರುತ್ತಾ ಹೋಗುತ್ತಿತ್ತು. ಒಂದು ಸಮ್ಮೇಳನದಲ್ಲಿ ಅದನ್ನು ತೋರಿಸಿ ಮೆಚ್ಚುಗೆಯನ್ನೂ ಗಳಿಸಿದ್ದೆ.

ಸೊಸೈಟಿಯಿಂದ ಬಂದ ರಾತ್ರಿ ಮೊದಲ ಸಲ ದೊಡ್ಡಮ್ಮನ ಮೆಷಿನ್ನಿನ ಲೆಕ್ಕ ಹಾಕಿದೆ. ನೂರೈವತ್ತು ಸದಸ್ಯರು, ದಿನಕ್ಕೆ ಎರಡು ಹೊತ್ತು, 300 ಬರಹ. ಒಬ್ಬೊಬ್ಬರಿಗೂ ಒಂದೊಂದು ಇಡೀ ಪುಟ ಖರ್ಚು ಮಾಡಿದರೂ ದಿನಕ್ಕೆ ಐದು ಬ್ಲಾಕಿಗಿಂತ ಕಡಿಮೆ. 128 ಮೆಗಾಬೈಟಿನ ಚಿಕ್ಕ ಫ್ಲ್ಯಾಶ್‌ನಲ್ಲಿ 1024 ಬ್ಲಾಕುಗಳಿರುತ್ತವೆ. ಒಂದೊಂದನ್ನು ಕೇವಲ 3000 ಸಲ ಅಳಿಸಬಹುದು, ಸವೆತ ಎಲ್ಲ ಬ್ಲಾಕುಗಳಿಗೂ ಸಮನಾಗಿ ಹಂಚಿಹೋಗುತ್ತದೆ ಎಂದುಕೊಂಡರೂ ಆ ಚಿಪ್ಪು ಸವೆಯಲು ಸುಮಾರು 1800 ವರ್ಷ ಬೇಕು. ಕಡತ ವ್ಯವಸ್ಥೆಯ ಸ್ವಂತ ಲೆಕ್ಕಪತ್ರಕ್ಕೆಂದು ಹತ್ತು ಪಟ್ಟು ಹೆಚ್ಚು ಬರಹ ಸೇರಿಸಿದೆ. ಆಗಲೂ 180 ವರ್ಷ. ಒಂದು ಪುಟ ಬರೆಯಲು ಫ್ಲ್ಯಾಶ್‌ಗೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸು, ಒಂದು ಬ್ಲಾಕ್ ಅಳಿಸಲು ಅಂಥ ಕೆಲವು ಪಾಲು. ದೊಡ್ಡಮ್ಮ ತಂಬಿಗೆಯನ್ನು ಸೆರಗಿನಡಿ ಸೇರಿಸುವುದರೊಳಗೆ ಅವರ ಹಾಲಿನ ಲೆಕ್ಕ ಅಟ್ಟ ಹತ್ತಿ ಕೂತಿರಬಹುದಿತ್ತು.

ಅಂದರೆ, ಅಂಥ ಯಂತ್ರದಲ್ಲಿ ಕಾಯಬೇಕಾದ ಅಗತ್ಯವೇ ಇಲ್ಲ. ಸೆಕೆಂಡಿಗೆ ನೂರಾರು ಬರಹ ಬರುವ ಯಂತ್ರಗಳಿಗೆ ಕಾಯುವುದು ಅನಿವಾರ್ಯ, ಅಲ್ಲಿ ನನ್ನ ಅಧ್ಯಾಯಕ್ಕೆ ಬೆಲೆಯಿದೆ. ಆದರೆ ಆ ಅಗತ್ಯದಿಂದ ಹುಟ್ಟಿದ ಅಭ್ಯಾಸ, ಅಗತ್ಯವೇ ಇಲ್ಲದ ಕಡೆಗೂ ತಾನಾಗಿ ಹರಿದು ಬರುತ್ತದೆ, ಯಾರೂ ನಿರ್ಧರಿಸದೆಯೇ. ಮಿತವ್ಯಯ ಒಳ್ಳೆಯದೆಂದು ನಾವು ಕಲಿತಿದ್ದೇವೆ. ಯಾರ ಖರ್ಚಿನಲ್ಲಿ ಎಂದು ಕೇಳಲು ಕಲಿತಿಲ್ಲ. ನನ್ನ ನಕ್ಷೆಯಲ್ಲಿ ಎರಡು ಗೆರೆಗಳಿದ್ದವು, ಕಾಯುವ ಹೊತ್ತು ಮತ್ತು ಚಿಪ್ಪಿನ ಆಯುಸ್ಸು. ಕರೆಂಟು ಹೋದರೆ ಎಷ್ಟು ಮಂದಿಯ ಹಾಲು ಹೋಗುತ್ತದೆ ಎಂಬ ಮೂರನೆಯದು ಇರಲಿಲ್ಲ. ಮರೆತದ್ದಲ್ಲ, ನನಗೆ ಹೊಳೆದೇ ಇರಲಿಲ್ಲ. ಹೊಳೆಯದಿರುವುದಕ್ಕೆ ಕಾರಣ, ನನ್ನ ಪ್ರಯೋಗಾಲಯದಲ್ಲಿ ಕರೆಂಟು ಹೋಗುವುದಿಲ್ಲ.

ಹಾಗಾಗಿ ನಾನು ಬಂದು ನಿಂತ ಜಾಗ ಇದು. ಮೊದಲು ಅಟ್ಟಕ್ಕೆ ಏರಿಸಬೇಕು, ಆಮೇಲೆ ಆಯಿತು ಎನ್ನಬೇಕು, ಆಮೇಲಷ್ಟೇ ಚೀಟಿ ಕೊಡಬೇಕು. ಈ ಕ್ರಮ ತಪ್ಪಬಾರದು. ಕಾಯಲೇಬೇಕಾದ ಕಡೆ, ಇನ್ನೂ ಜಗಲಿಯಲ್ಲಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳದೆ ಕಾಯಿಸಿದರೆ, ನಡುವಿನ ಹೊತ್ತಿನಲ್ಲಿ ಆದ ನಷ್ಟ ಆಯಿತು ಎಂದವರದ್ದು, ನಂಬಿ ಮನೆಗೆ ಹೋದವರದ್ದಲ್ಲ. ಅರ್ಧ ಲೀಟರು ತನ್ನ ಲೆಕ್ಕಕ್ಕೆ ಇರಲಿ ಎಂದ ಆ ಕಾರ್ಯದರ್ಶಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ನನ್ನ ಗೈಡ್ ಎತ್ತಿದರು. ಅಟ್ಟವಾದರೂ ಶಾಶ್ವತವೇ? ಫ್ಲ್ಯಾಶ್ ಕೆಡುತ್ತದೆ, ಮೆಷಿನ್ನಿಗೆ ಸಿಡಿಲು ಬಡಿಯುತ್ತದೆ, ಪುಸ್ತಕಕ್ಕೆ ಗೆದ್ದಲು ಹತ್ತುತ್ತದೆ. ಹಾಗೆ ನೋಡಿದರೆ ಎಲ್ಲ ಬರಹವೂ ಯಾವುದೋ ದೊಡ್ಡ ಜಗಲಿಯಲ್ಲೇ ಇದೆ, ಎಲ್ಲಿ ಗೆರೆ ಎಳೆಯುತ್ತೀಯಾ ಎಂದು ಕೇಳಿದರು. ನಿಜ. ಸಂಪೂರ್ಣ ಭದ್ರತೆಯನ್ನು ಯಾರೂ ಕೊಡಲಾರರು. ಆದರೆ ನಾನು ಕೇಳುತ್ತಿರುವುದು ಭದ್ರತೆಯನ್ನಲ್ಲ. ಸಿಡಿಲು ಬಡಿಯಬಹುದೆಂದು ದೊಡ್ಡಮ್ಮನಿಗೆ ಗೊತ್ತು, ಆಟಿಯ ಮಳೆಯಲ್ಲಿ ಕರೆಂಟು ಹೋಗುತ್ತದೆಂದೂ ಗೊತ್ತು. ಪರದೆಯ ಮೇಲಿನ ಆ ಸಾಲಿಗೂ ನಿಜವಾದ ಬರಹಕ್ಕೂ ನಡುವೆ ಒಂದು ಸಂದು ಇದೆ ಎಂಬುದೊಂದು ಗೊತ್ತಿರಲಿಲ್ಲ. ಅದು ಪ್ರಕೃತಿ ಮಾಡಿದ ಸಂದಲ್ಲ, ನನ್ನಂಥವರು ಮಾಡಿ ಮುಚ್ಚಿಟ್ಟದ್ದು.

ಅಧ್ಯಾಯಕ್ಕೆ ಮೂರನೆಯ ಗೆರೆ ಸೇರಿಸಿದ್ದೇನೆ. ಅದರಿಂದ ನಕ್ಷೆ ಮೊದಲಿನಷ್ಟು ಚೆಂದ ಕಾಣುವುದಿಲ್ಲ, ನನ್ನ ಫಲಿತಾಂಶ ಕೆಲವು ಕಡೆ ಸೋತದ್ದು ಎದ್ದು ಕಾಣುತ್ತದೆ. "ಪರೀಕ್ಷಕರು ಇದನ್ನೇ ಹಿಡಿದು ಕೇಳ್ತಾರೆ ನೋಡು" ಎಂದು ಗೈಡ್ ಎಚ್ಚರಿಸಿದ್ದಾರೆ. ಆದರೆ ತೆಗೆ ಎನ್ನಲಿಲ್ಲ.

ಮೊನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ಸೊಸೈಟಿಗೆ ಹೊಸ ಬ್ಯಾಟರಿ ಬಂದಿದೆಯಂತೆ, ಕಾಗದದ ಸುರುಳಿಯೂ ಬಂದಿದೆ. ಕಾರ್ಯದರ್ಶಿ ಮಳೆಯ ದಿನಗಳಲ್ಲಿ ನೋಟ್‌ಪುಸ್ತಕದಲ್ಲೂ ಬರೆದುಕೊಳ್ಳುತ್ತಾರಂತೆ. "ನೀವು ಈಗ ಚೀಟಿ ತೆಗೆದುಕೊಂಡೇ ಬರ್ತೀರಲ್ಲ?" ಎಂದು ಕೇಳಿದೆ.

"ಚೀಟಿ ಕೊಡ್ತಾರೆ ಮಗಾ. ಅದರ ಅಕ್ಷರ ಎರಡು ತಿಂಗಳಲ್ಲಿ ಮಾಸಿ ಹೋಗ್ತದೆ" ಎಂದರು ದೊಡ್ಡಮ್ಮ. "ಕ್ಯಾಲೆಂಡರಿನ ಹಿಂದೆ ನಾನೂ ಬರೆದಿಡ್ತೇನೆ."